ಇಂಟರ್‌ವ್ಯೂಗೆ ಕರೆಸಿಕೊಳ್ಳಲು ನಾಲ್ಕು ದಾರಿ: ದಾವಣಗೆರೆಯಲ್ಲಿ ನಾನು ಮಾಡಿ ನೋಡಿದ್ದು

ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು, ಐದು ತಿಂಗಳು ಕೆಲಸದ ಆ್ಯಪ್‌ಗಳಲ್ಲಿ ಅರ್ಜಿ ಹಾಕುತ್ತಾ ಕೂತಿದ್ದೆ. ಎಪ್ಪತ್ತಕ್ಕೂ ಜಾಸ್ತಿ ಅರ್ಜಿ, ಬಂದಿದ್ದು ಮೂರು ಫೋನ್. ಎರಡು ಇನ್ಶೂರೆನ್ಸ್ ಮಾರುವ ಕೆಲಸಕ್ಕೆ, ಇನ್ನೊಂದು ‘ಮೊದಲು ದುಡ್ಡು ಕಟ್ಟಿ’ ಎಂದಿದ್ದು. ನನಗೆ ಬೇಕಿದ್ದದ್ದು ಊರಲ್ಲೇ ಒಂದು ಅಕೌಂಟ್ಸ್ ಕೆಲಸ. ಆದರೆ ನಮ್ಮೂರಿನ ಹಾರ್ಡ್‌ವೇರ್ ಅಂಗಡಿ, ರೈಸ್ ಮಿಲ್, ಪೈಪ್ ಡೀಲರ್‌ಗಳು ಆ್ಯಪ್‌ನಲ್ಲಿ ಜಾಹೀರಾತು ಹಾಕುವುದೇ ಅಪರೂಪ. ಹುಡುಗ ಬೇಕಾದರೆ ಯಾರನ್ನೋ ಕೇಳುತ್ತಾರೆ, ಸಿಗುತ್ತಾನೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಆ್ಯಪ್ ಬಿಟ್ಟು ಬೇರೆ ನಾಲ್ಕು ದಾರಿ ಹಿಡಿದೆ.

ಮೊದಲನೆಯದು ವಾಟ್ಸ್ಆ್ಯಪ್ ವಿಡಿಯೊ. ಒಂದೂವರೆ ನಿಮಿಷದಲ್ಲಿ ನನ್ನ ಪರಿಚಯ ಹೇಳಿ ಹದಿನೈದು ಕಡೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಲೆಕ್ಕ ಬರೆಯುವವನ ಮುಖ ನೋಡಿ ಯಾರಿಗೆ ಏನಾಗಬೇಕು? ಮಾತಿನ ಕೆಲಸಕ್ಕೆ, ಸೇಲ್ಸ್‌ಗೆ, ಅದು ಸರಿಹೋಗಬಹುದು.

ಎರಡನೆಯದು ನೇರವಾಗಿ ಗೇಟಿಗೆ ಹೋಗುವುದು. ಕರೂರು ಇಂಡಸ್ಟ್ರಿಯಲ್ ಏರಿಯಾ, ಆಮೇಲೆ ಲೋಕಿಕೆರೆ ರಸ್ತೆ ಕಡೆ. ಮೊದಲ ದಿನ ಸೆಕ್ಯುರಿಟಿಯವರ ರಿಜಿಸ್ಟರಿನಲ್ಲಿ ‘ಯಾರನ್ನು ನೋಡಬೇಕು’ ಎಂಬ ಕಡೆ ‘ಎಚ್.ಆರ್.’ ಎಂದು ಬರೆದೆ. ‘ಇಲ್ಲಿ ಹಂಗೆಲ್ಲ ಯಾರೂ ಇಲ್ಲಪ್ಪ, ಅಕೌಂಟ್ಸ್ ಮೇಡಂ ಅದಾರೆ, ನಾಲ್ಕು ಗಂಟೆಗೆ ಚಾ ಟೈಮಿಗೆ ಬಾ’ ಎಂದರು ಆ ಹಿರಿಯರು. ನಾಲ್ಕಕ್ಕೆ ಹೋದೆ. ಮೇಡಂ ತಲೆ ಎತ್ತಲಿಲ್ಲ. ಅವತ್ತು ತಾರೀಖು 18.

ಅಕೌಂಟ್ಸ್ ಕಲಿತ ನನಗೇ ಅದು ಹೊಳೆದಿರಲಿಲ್ಲ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11ಕ್ಕೆ, ಮಾರಾಟದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಆರ್-1 ಕೊನೆ ದಿನ. 14ಕ್ಕೆ 2ಬಿ, ಅಂದರೆ ನಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. 20ಕ್ಕೆ 3ಬಿ ರಿಟರ್ನ್ ಹಾಕಿ ತೆರಿಗೆ ಕಟ್ಟಬೇಕು. 10ರಿಂದ 20ರವರೆಗೆ ಅಕೌಂಟ್ಸ್‌ನವರ ಹತ್ತಿರ ಹೋಗಲೇಬೇಡಿ. ನಾನು 22ರ ನಂತರ ಹೋಗಲು ಶುರು ಮಾಡಿದ ಮೇಲೆ ಕುರ್ಚಿಯಾದರೂ ಸಿಕ್ಕಿತು. ಹನ್ನೊಂದು ಗೇಟು ಹತ್ತಿ ಎರಡು ಇಂಟರ್‌ವ್ಯೂ ಆಯಿತು. ಬಿಸಿಲು, ಪೆಟ್ರೋಲು ಎಲ್ಲ ಲೆಕ್ಕ ಹಾಕಿದರೂ ಆ್ಯಪ್‌ಗಿಂತ ಇದು ಎಷ್ಟೋ ಮೇಲು.

ಆ ಎರಡರಲ್ಲಿ ಒಂದು ಕಡೆ ನನಗೆ ನೋವಾಯಿತು. ‘ಕೆಲಸ ಮಾಡಿ ತೋರಿಸು’ ಎಂದು ಎಂಟು ದಿನ ಹಳೇ ಬಿಲ್ಲುಗಳನ್ನೆಲ್ಲ ಎಂಟ್ರಿ ಮಾಡಿಸಿಕೊಂಡರು. ಒಂಬತ್ತನೇ ದಿನ ‘ಆಮೇಲೆ ಹೇಳ್ತೀವಿ’ ಎಂದರು. ಒಂದು ರೂಪಾಯಿ ಕೊಡಲಿಲ್ಲ. ನಿಮ್ಮ ಕೈಚಳಕ ತೋರಿಸಲು ಅರ್ಧ ದಿನ ಸಾಕು. ಅದಕ್ಕಿಂತ ಜಾಸ್ತಿ ಕೇಳಿದರೆ ಕೂಲಿ ಮಾತಾಡಿಯೇ ಕೂರಿ.

ಆ ಸಿಟ್ಟಿನಲ್ಲೇ ಒಂದು ಹಾಳೆ ತಯಾರು ಮಾಡಿದೆ. ಎಡಕ್ಕೆ ಖರೀದಿ ಪುಸ್ತಕ, ಬಲಕ್ಕೆ 2ಬಿ, ಒಟ್ಟು ಇಪ್ಪತ್ತು ಬಿಲ್ಲು. ಹೆಸರೆಲ್ಲ ನಾನೇ ಇಟ್ಟಿದ್ದು. ಹೊಂದದೇ ಇರುವ ಬಿಲ್ಲುಗಳಿಗೆ ಬಣ್ಣ ಹಚ್ಚಿದೆ. ಬಿಲ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದ್ದು ಹಳದಿ. ಸಪ್ಲೈಯರ್ ರಿಟರ್ನನ್ನೇ ಹಾಕದಿದ್ದದ್ದು ಕೆಂಪು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಸಪ್ಲೈಯರ್‌ನದು ನೀಲಿ. ಪ್ರತಿ ಬಣ್ಣದ ಕೆಳಗೆ, ಯಾರಿಗೆ ಫೋನ್ ಮಾಡಿ ಏನು ಕೇಳಬೇಕು ಎಂದು ಒಂದೊಂದು ಸಾಲು ಬರೆದೆ. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ. 18% ತೆರಿಗೆಯ ಒಂದು ಲಕ್ಷದ ಮಾಲು ತಂದು, ಆ ಬಿಲ್ಲು 2ಬಿಗೆ ಬರದೇ ಹೋದರೆ ಆ ತಿಂಗಳು ಧಣಿ 18 ಸಾವಿರ ಕೈಯಿಂದ ಕಟ್ಟಬೇಕು. ಇದು ಅವರಿಗೆ ದಿನಾ ಚುಚ್ಚುವ ಮುಳ್ಳು.

ಈ ಹಾಳೆಯನ್ನು ಎರಡು ರೀತಿ ಬಳಸಿದೆ. ಮೂರನೇ ದಾರಿ ಸ್ಪೀಡ್ ಪೋಸ್ಟ್. ಹಾಳೆಯ ಜೊತೆ ಕೈಬರಹದಲ್ಲಿ ಆರು ಸಾಲಿನ ಕನ್ನಡ ಪತ್ರ ಇಟ್ಟು, ಮಾಲೀಕರ ಹೆಸರಿಗೇ ಹತ್ತು ಲಕೋಟೆ ಕಳಿಸಿದೆ. ಧಣಿಗಳ ಮೇಜಿಗೆ ಈಗ ಬರುವುದು ನೋಟಿಸು, ಮದುವೆ ಪತ್ರಿಕೆ ಇಷ್ಟೇ, ಕೈಯಲ್ಲಿ ಬರೆದ ಪತ್ರವನ್ನು ಓದೇ ಓದುತ್ತಾರೆ ಎಂದು ನಂಬಿದ್ದೆ. ಒಂದು ತಿಂಗಳಲ್ಲಿ ಬಂದದ್ದು ಒಂದೇ ಫೋನ್.

ನಾಲ್ಕನೆಯದು ಆಡಿಟರ್ ಆಫೀಸು. ನಮ್ಮ ಕಡೆ ಟ್ಯಾಕ್ಸ್ ಪ್ರಾಕ್ಟೀಷನರ್, ಸಿಎ ಎಲ್ಲರೂ ‘ಆಡಿಟರ್’ರೇ. ಯಾವ ಅಂಗಡಿಯ ಲೆಕ್ಕದ ಹುಡುಗ ಬಿಟ್ಟು ಹೋದ, ಯಾರ ಬಿಲ್ಲುಗಳು ಚೀಲದಲ್ಲೇ ಉಳಿದಿವೆ ಎಂದು ಊರಲ್ಲಿ ಮೊದಲು ಗೊತ್ತಾಗುವುದು ಅವರಿಗೆ. ಅದರ ಕಾಟವೂ ಅವರಿಗೇ. ಧಣಿಗಳು ಕೇಳುವ ಆ ‘ಯಾರೋ’ ಇವರೇ ಎಂದು ನನಗೆ ತಡವಾಗಿ ತಿಳಿಯಿತು. ಹಾಗಾಗಿ ಅವರ ಹತ್ತಿರ ಕೆಲಸ ಕೇಳಲಿಲ್ಲ. ‘ನಿಮ್ಮ ಕಕ್ಷಿದಾರರಲ್ಲಿ ಯಾರಿಗಾದರೂ ಹುಡುಗ ಬೇಕಾದರೆ ಹೇಳಿ ಸರ್’ ಎಂದು ಹಾಳೆ ಕೊಟ್ಟೆ. ಐದನೇ ಆಫೀಸಿನಲ್ಲಿ ಒಬ್ಬರು ಕನ್ನಡಕ ಮೇಲೆತ್ತಿ, ನೀಲಿ ಸಾಲಿನ ಮೇಲೆ ಬೆರಳಿಟ್ಟು, ‘ಇದಕ್ಕೆ ಏನ್ ಮಾಡ್ತೀಯ?’ ಎಂದರು. ‘ಸಪ್ಲೈಯರ್‌ಗೆ 13ರೊಳಗೆ ಐಎಫ್‌ಎಫ್‌ನಲ್ಲಿ ಹಾಕೋಕೆ ಹೇಳ್ತೀನಿ ಸರ್, ಇಲ್ಲಾಂದ್ರೆ ಮೂರು ತಿಂಗಳು ಮುಗಿಯೋವರೆಗೂ ಕ್ರೆಡಿಟ್ ಬರಲ್ಲ’ ಎಂದೆ. (ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ನಡುವಿನ ತಿಂಗಳ ಬಿಲ್ಲುಗಳನ್ನು ಮೊದಲೇ ತೋರಿಸುವ ಸೌಲಭ್ಯವೇ ಐಎಫ್‌ಎಫ್.) ಅವರು ಅಲ್ಲೇ ಫೋನ್ ಎತ್ತಿಕೊಂಡರು. ಮರುದಿನ ಮಂಡಿಪೇಟೆಯಲ್ಲಿ ಇಂಟರ್‌ವ್ಯೂ.

ಎಂಟು ಆಡಿಟರ್ ಆಫೀಸುಗಳಿಂದ ಮೂರು ಇಂಟರ್‌ವ್ಯೂ ಸಿಕ್ಕಿದವು. ಮೂರರಲ್ಲೂ ಯಾರೂ ಅಂಕಪಟ್ಟಿ ಕೇಳಲಿಲ್ಲ, ಹಾಳೆಯ ಬಗ್ಗೆಯೇ ಕೇಳಿದರು. ಮೂರನೆಯ ಕಡೆ ಸೇರಿಕೊಂಡೆ. ಗೆಳೆಯರು ಕೇಳಿದರೆ ಈಗ ನಾನು ಹೇಳುವುದು ಇಷ್ಟೇ: ಮೊದಲು ಹಾಳೆ, ಆಮೇಲೆ ಆಡಿಟರ್, ಅದೂ ಆಗದಿದ್ದರೆ 22ರ ನಂತರ ಗೇಟು. ಬೇರೆ ಓದಿನವರಿಗೆ ಹಾಳೆ ಬೇರೆಯಾಗುತ್ತದೆ ಅಷ್ಟೇ. ಡಿಪ್ಲೊಮಾ ಹುಡುಗರಾದರೆ ಒಂದು ಡ್ರಾಯಿಂಗ್ ಹಿಡಿದು, ಊರಿನ ಎಲ್ಲ ವರ್ಕ್‌ಶಾಪಿಗೂ ಹೋಗುವ ಟೂಲ್ಸ್ ಅಂಗಡಿಯವರ ಹತ್ತಿರ ಹೋಗಬಹುದು.

ಅಂಚೆ ದಾರಿಯನ್ನು ಲೆಕ್ಕದಿಂದ ತೆಗೆದೇ ಬಿಟ್ಟಿದ್ದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾದ ಮೇಲೆ ಹರಿಹರದಿಂದ ಒಂದು ಫೋನ್ ಬಂತು. ‘ನಿಮ್ಮ ಪತ್ರ ನಮ್ಮ ಫೈಲಿನಲ್ಲಿತ್ತು, ಈಗ ಒಬ್ಬರು ಬೇಕು, ಬರ್ತೀರಾ?’ ನಾನು ನನ್ನ ಕ್ಲಾಸಿನ ಗೆಳತಿಯ ನಂಬರ್ ಕೊಟ್ಟೆ. ಅವಳು ತನ್ನದೇ ಹಾಳೆ ಮಾಡಿಕೊಂಡು 23ನೇ ತಾರೀಖು ಹೋದಳು.