ಹಳೆಯ ರಿಸೀವರ್, ಹೊಸ ಸ್ಪೀಕರ್: ಮಿತವ್ಯಯದ ಹೋಮ್ ಥಿಯೇಟರ್, ನಾಲ್ಕು ತಿಂಗಳ ಬಳಕೆಯ ನಂತರ

ಒಂದೇ ಪೆಟ್ಟಿಗೆಯಲ್ಲಿ ಎಲ್ಲವೂ ಸಿಗುವ ಹೋಮ್ ಥಿಯೇಟರ್ ಸೆಟ್ಟಿನ ಯೋಚನೆಯನ್ನು ಕೈಬಿಟ್ಟು, ಅಷ್ಟೇ ಹಣದಲ್ಲಿ ಬಳಸಿದ 5.1 ಎವಿ ರಿಸೀವರ್ (ಐದು ಸ್ಪೀಕರ್‌ಗಳಿಗೂ, ಬೇಸ್ ಎಂಬ ತಗ್ಗು ಧ್ವನಿಯನ್ನು ನುಡಿಸುವ ಒಂದು ಸಬ್‌ವೂಫರ್‌ಗೂ ಧ್ವನಿ ಹಂಚುವ ಪೆಟ್ಟಿಗೆ) ಒಂದನ್ನೂ ಹೊಸ ಸ್ಪೀಕರ್‌ಗಳನ್ನೂ ಬಿಡಿಬಿಡಿಯಾಗಿ ಕೊಂಡು ಜೋಡಿಸಿ ನಾಲ್ಕು ತಿಂಗಳಾಯಿತು. ಈ ನಿರ್ಧಾರ ಸರಿಯಾಗಿತ್ತೆಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಹಳೆಯ ರಿಸೀವರ್‌ಗಳ ಬೆಲೆ ಬೀಳುವುದು ಬಹುಪಾಲು ಚಿತ್ರದ ಕಾರಣದಿಂದಲೇ ಹೊರತು ಧ್ವನಿಯ ಕಾರಣದಿಂದಲ್ಲ. ನಾನು ಕೊಂಡದ್ದರಲ್ಲಿ ಇರುವುದು ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಕೇಬಲ್ ಸಂಪರ್ಕ) 1.4 ಆವೃತ್ತಿ, ಸೆಕೆಂಡಿಗೆ 60 ಫ್ರೇಮಿನ 4ಕೆ ಎಚ್‌ಡಿಆರ್ ಚಿತ್ರ ಅದರ ಮೂಲಕ ಹಾಯುವುದಿಲ್ಲ. ಆದ್ದರಿಂದ ಸ್ಟ್ರೀಮಿಂಗ್ ಸಾಧನವನ್ನೂ ಸೆಟ್‌ಟಾಪ್ ಬಾಕ್ಸನ್ನೂ ನೇರವಾಗಿ ಟಿವಿಗೇ ಜೋಡಿಸಿ, 2009ರಲ್ಲಿ ಅದೇ 1.4 ಆವೃತ್ತಿಯೊಂದಿಗೆ ಬಂದ ಎಆರ್‌ಸಿ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ಮರಳಿ ಕಳಿಸುವ) ಸೌಲಭ್ಯದ ಮೂಲಕ ಧ್ವನಿಯನ್ನಷ್ಟೇ ರಿಸೀವರ್‌ಗೆ ತಂದಿದ್ದೇನೆ. ಡಾಲ್ಬಿ ಡಿಜಿಟಲ್ 5.1ಕ್ಕೆ ಈ ದಾರಿ ಸಾಕು. ಟ್ರೂಎಚ್‌ಡಿಯಂತಹ ನಷ್ಟರಹಿತ ಧ್ವನಿಗೆ ಮಾತ್ರ ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಬೇಕು. ಮೊದಲ ವಾರ ಮುಂದಿನ ಎರಡು ಸ್ಪೀಕರ್‌ಗಳಷ್ಟೇ ಮಾತನಾಡುತ್ತಿದ್ದುದಕ್ಕೆ ಕಾರಣ ಟಿವಿಯ ಧ್ವನಿ ಸೆಟ್ಟಿಂಗ್ ಪಿಸಿಎಂನಲ್ಲಿ (ಎಆರ್‌ಸಿ ಮೂಲಕ ಎರಡೇ ಚಾನೆಲ್ ಕಳಿಸುವ ರೂಪ) ಉಳಿದಿದ್ದುದು. ಅದನ್ನು ಬಿಟ್‌ಸ್ಟ್ರೀಮ್‌ಗೆ (ಧ್ವನಿಯನ್ನು ಬಿಡಿಸದೆ ಹಾಗೆಯೇ ರಿಸೀವರ್‌ಗೆ ಕಳಿಸುವ ರೂಪ) ಬದಲಿಸಿದ ಕೂಡಲೇ ಐದೂ ಸ್ಪೀಕರ್‌ಗಳು ಎಚ್ಚೆತ್ತವು.

ಹಣದ ದೊಡ್ಡ ಪಾಲನ್ನು ಸೆಂಟರ್ ಸ್ಪೀಕರ್‌ಗೆ ಹಾಕಿದ್ದು ಈ ಜೋಡಣೆಯ ಅತ್ಯುತ್ತಮ ಖರ್ಚು. ಸಿನಿಮಾದ ಮಾತುಗಳಲ್ಲಿ ಬಹುಪಾಲು ಹೊರಡುವುದು ಅದರಿಂದಲೇ. ಆದರೂ ಟಿವಿ ಸ್ಟ್ಯಾಂಡಿನ ಖಾನೆಯ ಒಳಗೆ ತಳ್ಳಿ ಇಟ್ಟಾಗ ಮಾತು ಡಬ್ಬದೊಳಗಿನಿಂದ ಬಂದಂತೆ ಕೇಳುತ್ತಿತ್ತು. ಖಾನೆಯ ಅಂಚಿಗೆ ಎಳೆದು, ಮುಂಭಾಗಕ್ಕೆ ರಬ್ಬರ್ ತುಂಡು ಕೊಟ್ಟು ಕೇಳುಗರ ಕಿವಿಯತ್ತ ತುಸು ಮೇಲ್ಮುಖವಾಗಿಸಿದ ಮೇಲೆ, ರಾತ್ರಿ ಸದ್ದು ತಗ್ಗಿಸಿ ನೋಡುವಾಗಲೂ ಪಿಸುಮಾತು ಸ್ಪಷ್ಟವಾಗಿದೆ. ಒಂದು ಪೈಸೆಯ ಖರ್ಚಿಲ್ಲದ ಈ ಬದಲಾವಣೆ ಎಷ್ಟೋ ದುಬಾರಿ ಕೇಬಲ್‌ಗಳಿಗಿಂತ ದೊಡ್ಡದು. ಕೇಬಲ್ ವಿಷಯದಲ್ಲಿ ನಾನು ಬಳಸಿರುವುದು 16 ಗೇಜಿನ ಸಾದಾ ತಾಮ್ರದ ತಂತಿ; ಅದರಲ್ಲಿ ಯಾವ ಕೊರತೆಯೂ ಕಂಡಿಲ್ಲ.

ಸ್ಪೀಕರ್ ಆರಿಸುವಾಗ ಡಬ್ಬದ ಮೇಲಿನ ವ್ಯಾಟ್ ಸಂಖ್ಯೆಗಿಂತ ಸೆನ್ಸಿಟಿವಿಟಿಯನ್ನು (ಕೊಟ್ಟ ಶಕ್ತಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬ ಅಳತೆ) ನೋಡುವುದು ಲೇಸು. ಅದು 3 ಡೆಸಿಬೆಲ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಆಂಪ್ಲಿಫೈಯರ್‌ನ ಅರ್ಧ ಶಕ್ತಿ ಸಾಕಾಗುತ್ತದೆ, ಹಳೆಯ ರಿಸೀವರ್‌ಗೆ ಇದು ನಿಜವಾದ ಉಪಕಾರ.

ರಿಸೀವರ್‌ನ ಸ್ವಯಂಚಾಲಿತ ಹೊಂದಾಣಿಕೆಯನ್ನು ಪೂರ್ತಿಯಾಗಿ ನಂಬಲಾಗದು. ಮೈಕ್ ಇಟ್ಟು ಅಳೆದ ಅದು ನನ್ನ ಚಿಕ್ಕ ಸ್ಪೀಕರ್‌ಗಳನ್ನು 'ಲಾರ್ಜ್' ಎಂದು ಗುರುತಿಸಿ, ತಾಳಲಾರದ ಬೇಸ್ ಅನ್ನು ಅವುಗಳ ಮೇಲೆ ಹೇರಿತ್ತು. 'ಸ್ಮಾಲ್' ಎಂದು ಬದಲಿಸಿ ಕ್ರಾಸ್‌ಓವರ್ ಅನ್ನು (ಅದಕ್ಕಿಂತ ತಗ್ಗಿನ ಧ್ವನಿಯನ್ನು ಸಬ್‌ವೂಫರ್‌ಗೆ ತಿರುಗಿಸುವ ಗಡಿ) 80 ಹರ್ಟ್ಸ್‌ನಲ್ಲಿ ಇಟ್ಟಾಗ ಅವು ಹಗುರಾದವು. ಸಬ್‌ವೂಫರ್‌ನ ಜಾಗವನ್ನು ಹುಡುಕಲು ಅದನ್ನೇ ಸೋಫಾದ ಮೇಲೆ ನಾನು ಕೂರುವ ಕಡೆ ಇಟ್ಟು, ಬೇಸ್ ತುಂಬಿದ ಸಂಗೀತ ಹಾಕಿ, ಕೋಣೆಯಲ್ಲಿ ಅಂಬೆಗಾಲಿಟ್ಟು ಸುತ್ತಿದೆ. ಧ್ವನಿ ಗುಂಯ್‌ಗುಡದೆ ಸಮನಾಗಿ ಕೇಳಿದ್ದು ಮೂಲೆಯಲ್ಲಲ್ಲ, ಎಡಗೋಡೆಯ ನಡುವೆ. ಈಗ ಅದರ ಜಾಗ ಅಲ್ಲೇ.

ಕೊರತೆ ಇರುವುದು ಹಿಂಬದಿಯಲ್ಲಿ. ಸರೌಂಡ್ ಸ್ಪೀಕರ್‌ಗಳು ಕೇಳುಗರ ನೇರ ಮುಂದಿನಿಂದ ಅಳೆದರೆ ಸುಮಾರು 110 ಡಿಗ್ರಿಯಲ್ಲಿ, ಅಂದರೆ ಪಕ್ಕಕ್ಕಿಂತ ತುಸು ಹಿಂದೆ ಇರಬೇಕು. ನನ್ನ ಸೋಫಾ ಗೋಡೆಗೆ ತಾಗಿರುವುದರಿಂದ ಅವು ಕಿವಿಗೆ ತೀರ ಹತ್ತಿರವಾಗಿವೆ. ಕೈಯಲ್ಲಿ ಹಣ ಇನ್ನೂ ಕಡಿಮೆ ಇರುವವರು ಅವೆರಡನ್ನು ಬಿಟ್ಟು 3.1ರಿಂದ (ಮುಂದಿನ ಮೂರು ಸ್ಪೀಕರ್, ಒಂದು ಸಬ್‌ವೂಫರ್) ಆರಂಭಿಸಲಿ, ರಿಸೀವರ್‌ನಲ್ಲಿ ಅವುಗಳ ಜಾಗ ಹಾಗೆಯೇ ಕಾದಿರುತ್ತದೆ.