ಮಟನ್ ಸ್ಟ್ರೀಟಿನಲ್ಲಿ ಸಿಕ್ಕ ಗಾಂಧಾರಿ

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ, ಹಿತ್ತಾಳೆ ದೀಪ, ಹಳೆಯ ಗಡಿಯಾರಗಳ ಅಂಗಡಿಗಳ ನಡುವೆ, ರೆಕಾರ್ಡುಗಳನ್ನಷ್ಟೇ ಮಾರುವ ಅಂಗಡಿಯೊಂದಿದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕು. ಒಂದೇ ತಿಂಗಳಲ್ಲಿ ಮೂರು ಸಲ ಹೋಗಿ ಬಂದಿದ್ದೇನೆ.

ನಾನು ಹುಡುಕಿಕೊಂಡು ಹೋದದ್ದು ‘ಗಾಂಧಾರಿ’ಯನ್ನು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡು ತಟ್ಟೆಗಳನ್ನು 1930ರ ದಶಕದಲ್ಲಿ ಗ್ರಾಮಫೋನ್ ಕಂಪನಿ ತನ್ನ ಎಚ್‌ಎಂವಿ ಲೇಬಲಿನಲ್ಲಿ ಆ ಹೆಸರಿನಿಂದ ತಂದಿತ್ತು. ಧಾರವಾಡದ ನಮ್ಮ ಮನೆಯಲ್ಲಿ ಅಂಥದೊಂದಿತ್ತು. ಎಳೆಯ, ಎತ್ತರದ ಆ ದನಿ ಗಂಗೂಬಾಯಿಯವರದೇ ಎಂದು ಅಪ್ಪ ಹೇಳಿದಾಗ ನಾನೂ ತಮ್ಮನೂ ನಂಬಿರಲಿಲ್ಲ. ರೇಡಿಯೋದಲ್ಲಿ ನಾವು ಕೇಳುತ್ತಿದ್ದ ಕಂಠವೇ ಬೇರೆ, ಗಂಡುದನಿಯಷ್ಟು ಗಟ್ಟಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರ ದನಿ ಬದಲಾದದ್ದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಮನೆ ಬದಲಿಸುವಾಗ ಆ ತಟ್ಟೆ ಒಡೆದುಹೋಗಿತ್ತು.

ಈ ಅಂಗಡಿಯ ಯಜಮಾನರು ರಾಶಿಗಳನ್ನು ಹಾಡುಗಾರರ ಹೆಸರಿನಿಂದಲ್ಲ, ಕಂಪನಿಯ ಲೇಬಲ್ ನೋಡಿ ಜೋಡಿಸಿದ್ದಾರೆ. ನನಗೆ ಬಹಳ ಹಿಡಿಸಿದ್ದು ಇದು. 1902ರಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣಕಾರ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್‌ಳ ಹಾಡು ಮುದ್ರಿಸಿಕೊಂಡಾಗ ತಟ್ಟೆ ಅಚ್ಚಾಗಿ ಬರಬೇಕಾದದ್ದು ಜರ್ಮನಿಯ ಹ್ಯಾನೋವರ್‌ನಿಂದ. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು. ಆಮೇಲೆ ಕಲ್ಕತ್ತೆಯಲ್ಲೇ ಕಾರ್ಖಾನೆ ಬಂತು, ಡಮ್ ಡಮ್ ಎಂಬ ಊರ ಹೆಸರು ಸಂಗೀತಪ್ರಿಯರ ಬಾಯಿಗೆ ಬಂತು. ನಾಯಿ ಚಿತ್ರದ ಅರಗಿನ ತಟ್ಟೆ, ಅದರಾಚೆ ಎಲ್‌ಪಿ, ಕ್ಯಾಸೆಟ್, 2000ದಲ್ಲಿ ಕಂಪನಿ ‘ಸರೆಗಮ’ ಆದ ಮೇಲಿನ ಸಿಡಿಗಳು: ಎಡಗೋಡೆಯಿಂದ ಬಲಗೋಡೆಗೆ ನಡೆದರೆ ಶತಮಾನ ದಾಟುತ್ತದೆ. 2016ರಲ್ಲಿ ಕಾಲಾ ಘೋಡಾದ ಸಂಗೀತದ ಅಂಗಡಿ ರಿದಮ್ ಹೌಸ್ ಮುಚ್ಚಿದ ಮೇಲೆ ಇಂಥ ಜಾಗ ಈ ಊರಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಗಾಂಧಾರಿ ಸಿಕ್ಕಿದ್ದು ಮೂರನೆಯ ಸಲ. ರಾಗದ ಹೆಸರು ಅರ್ಧ ಉಜ್ಜಿಹೋಗಿತ್ತು. ‘ಮೊದಲು ಕೇಳಿ, ತಾಯಿ’ ಎಂದು ಯಜಮಾನರು ಗ್ರಾಮಫೋನಿಗೆ ಕೀಲಿ ಕೊಟ್ಟು ಮುಳ್ಳು ಇಟ್ಟರು. ಮೂರೇ ನಿಮಿಷ. ಆಲಾಪಕ್ಕೆ ಬಿಡುವಿಲ್ಲ, ಹುಡುಗಿ ನೇರವಾಗಿ ಬಂದಿಶಿಗೆ ಇಳಿದು ತಾನುಗಳನ್ನು ಚೆಲ್ಲುತ್ತಾಳೆ. ಕರಕರ ಸದ್ದಿನ ಹಿಂದೆ ಆ ದನಿ ಬಂದಾಗ ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಒಂಬೈನೂರು ಹೇಳಿದವರು ಆರುನೂರಕ್ಕೆ ಕೊಟ್ಟರು.

ದೂರುಗಳೂ ಇವೆ. ಉಕ್ಕಿನ ಮುಳ್ಳನ್ನು ಪ್ರತಿ ಸಲ ಬದಲಿಸಬೇಕು. ಇಲ್ಲಿ ಒಂದೇ ಮುಳ್ಳಿನಲ್ಲಿ ಹತ್ತಾರು ತಟ್ಟೆ ತಿರುಗುತ್ತವೆ, ಗೀರು ಸವೆಯುತ್ತದೆ. ನಿಮ್ಮದೇ ಮುಳ್ಳು ಒಯ್ಯಿರಿ, ಅವರು ಬೇಸರಿಸುವುದಿಲ್ಲ. ಎಲ್‌ಪಿಗಳನ್ನು ಬಿಸಿಲು ಬೀಳುವ ಕಡೆ ಪೇರಿಸಿದ್ದಾರೆ, ಕೆಲವು ಡೊಂಕಾಗಿವೆ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿಯೇ ಕೊಳ್ಳಿ. ರಸೀದಿ ಕೊಡುವುದಿಲ್ಲ.

ಅರಗಿನ ತಟ್ಟೆ ಬಿದ್ದರೆ ಚೂರು. ನಾನು ಟವೆಲಿನಲ್ಲಿ ಸುತ್ತಿ, ಎರಡು ರಟ್ಟುಗಳ ನಡುವೆ ಇಟ್ಟು, ಸಂಜೆಯ ಗದ್ದಲಕ್ಕೆ ಮೊದಲೇ ಸ್ಯಾಂಡ್‌ಹರ್ಸ್ಟ್ ರೋಡಿನಿಂದ ನಿಧಾನದ ಲೋಕಲ್ ಹಿಡಿದು ಡೊಂಬಿವಲಿಗೆ ತಂದೆ. ರಾತ್ರಿ ತಮ್ಮನಿಗೆ ಫೋನಿನಲ್ಲೇ ಕೇಳಿಸಿದೆ.

ಮಲ್ಲಿಕಾರ್ಜುನ ಮನಸೂರರ ಒಂದು ತಟ್ಟೆ ಅಲ್ಲೇ ಉಳಿದಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಆದರೂ ಹಾಡುತ್ತದೆ. ಎಡಗಡೆಯ ಕಪಾಟಿನ ಕೆಳಗಿನ ಅರೆಯಲ್ಲಿ ನೋಡಿ.