ಒಂದೇ ಓಮನ ನಿಯಮ, ಮೂರು ಪಾಠ ಯೋಜನೆ

ಬಿ.ಎಡ್. ಮುಗಿಸಿ ಹೈಸ್ಕೂಲಿಗೆ ಬಂದವರಿಗೆಲ್ಲ ಪಾಠ ಯೋಜನೆ ಬರೆಯಲು ಬರುತ್ತದೆ. ಹೇಗೆ ಬರೆದರೆ ಪಾಠ ನಿಜಕ್ಕೂ ಮಕ್ಕಳ ತಲೆಗೆ ಹೋಗುತ್ತದೆ ಅನ್ನುವ ಮಾತು ಮಾತ್ರ ಸ್ಟಾಫ್ ರೂಮಿನಲ್ಲಿ ಕಡಿಮೆ. ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. 'ವಿದ್ಯುಚ್ಛಕ್ತಿ' ಘಟಕವನ್ನು ಬೇರೆ ಬೇರೆ ವರ್ಷ ಮೂರು ಥರದ ಯೋಜನೆ ಇಟ್ಟುಕೊಂಡು ಪಾಠ ಮಾಡಿದ್ದೇನೆ. ಹಳೆಯ ಹರ್ಬಾರ್ಟ್ ಸೋಪಾನ, ಈಗ ತರಬೇತಿಗಳಲ್ಲೆಲ್ಲ ಕೇಳಿಬರುವ 5ಇ, ಮತ್ತೆ ಕೊನೆಯಿಂದ ಶುರುಮಾಡುವ ಹಿಮ್ಮುಖ ಯೋಜನೆ. ಮೂರರಿಂದಲೂ ಉಪಯೋಗ ಇದೆ. ಆದರೆ ಮೂರೂ ಸಮ ಅಲ್ಲ.

ಹರ್ಬಾರ್ಟ್ ಜರ್ಮನಿಯ ತತ್ವಜ್ಞಾನಿ, 1841ರಲ್ಲಿ ತೀರಿಕೊಂಡವರು. ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಅಂತ ನಾವು ಬಾಯಿಪಾಠ ಮಾಡಿದ ಐದು ಮೆಟ್ಟಿಲುಗಳಿಗೆ ಈ ರೂಪ ಕೊಟ್ಟವರು ಅವರ ಹಾದಿಯಲ್ಲಿ ನಡೆದ ಜಿಲ್ಲರ್ ಮತ್ತು ರೈನ್. ಇದರ ದೊಡ್ಡ ಅನುಕೂಲ ಸಮಯ. ಪೀಠಿಕಾ ಪ್ರಶ್ನೆ, ವಿಷಯ ನಿರೂಪಣೆ, ಬೋರ್ಡಿನ ಮೇಲೆ ಸೂತ್ರ, ಎರಡು ಲೆಕ್ಕ. ಬೆಲ್ ಹೊಡೆಯುವ ಹೊತ್ತಿಗೆ ಓಮನ ನಿಯಮ (ತಾಪ ಬದಲಾಗದಿದ್ದರೆ, ತಂತಿಯ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದಾಗ ಸದಾ ಅದೇ ರೋಧ ಬರುತ್ತದೆ ಅನ್ನುವುದು) ಮುಗಿದಿರುತ್ತದೆ. ಮಾರನೇ ದಿನ 6 ವೋಲ್ಟ್, 2 ಆಂಪಿಯರ್ ಕೊಟ್ಟರೆ ರೋಧ 3 ಓಮ್ ಅಂತ ಮಕ್ಕಳು ಥಟ್ಟನೆ ಹೇಳುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ಲೆಕ್ಕ ಬರದೆ ಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ, ಅಂಕ ಬರದೆ ಎಷ್ಟೋ ಮಕ್ಕಳಿಗೆ ಮುಂದಿನ ದಾರಿ ಇಲ್ಲ.

ತೊಂದರೆ ಇರುವುದು ಬೇರೆ ಕಡೆ. ಅದೇ ಮಕ್ಕಳಿಗೆ ಒಂದು ಚಿತ್ರ ಬರೆದು ಕೊಡಿ. ಶುಷ್ಕಕೋಶ, ಬಲ್ಬು, ಬಲ್ಬಿನ ಆಚೆಗೊಂದು ಈಚೆಗೊಂದು ಅಮ್ಮೀಟರ್, ಅಂದರೆ ಪ್ರವಾಹ ಅಳೆಯುವ ಮೀಟರು. ಮೊದಲನೆಯದು 0.3 ಆಂಪಿಯರ್ ತೋರಿಸಿದರೆ ಎರಡನೆಯದು ಎಷ್ಟು? ಲೆಕ್ಕದಲ್ಲಿ ಚುರುಕಾಗಿರುವವರೂ 'ಕಡಿಮೆ' ಅಂತ ಬರೆಯುತ್ತಾರೆ. ಯಾಕಪ್ಪಾ ಅಂದರೆ, 'ಬಲ್ಬು ಉರಿಯೋಕೆ ಕರೆಂಟ್ ಬೇಕಲ್ವಾ ಸರ್, ಅಲ್ಲಿ ಖರ್ಚಾಗುತ್ತೆ.' ಅವರ ಲೆಕ್ಕಾಚಾರ ಅವರ ಮಟ್ಟಿಗೆ ಸರಿಯಾಗೇ ಇದೆ. ಕೋಶದಿಂದ ಬರುವ ಶಕ್ತಿ ಅಲ್ಲಿ ಬೆಳಕು, ಶಾಖವಾಗುವುದು ನಿಜ. ಆದರೆ ವಿದ್ಯುತ್ ಪ್ರವಾಹ ಎರಡೂ ಕಡೆ ಅಷ್ಟೇ ಇರುತ್ತದೆ. ಹರ್ಬಾರ್ಟ್ ಮಾದರಿಯಲ್ಲಿ ಈ ತಪ್ಪು ಕಲ್ಪನೆ ಹೊರಗೆ ಬರಲು ಜಾಗವೇ ಇಲ್ಲ. ಮಗು ಬಾಯಿ ಬಿಡುವುದು ಪೀಠಿಕೆಯಲ್ಲಿ ಒಮ್ಮೆ, ಕೊನೆಯ ಪ್ರಶ್ನೆಗಳಲ್ಲಿ ಒಮ್ಮೆ. ನಡುವೆ ಪೂರ್ತಿ ನಮ್ಮದೇ ಮಾತು.

5ಇ ಇದನ್ನು ತಿರುಗಿಸಿ ನಿಲ್ಲಿಸುತ್ತದೆ. ವಿಜ್ಞಾನದ ಪಠ್ಯಕ್ರಮ ರೂಪಿಸುವ ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆಯಲ್ಲಿ ರಾಜರ್ ಬೈಬಿ ಮತ್ತು ಜೊತೆಯವರು 1987ರ ಸುಮಾರಿಗೆ ರೂಪಿಸಿದ ಮಾದರಿ ಇದು. ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ; ಐದರ ಇಂಗ್ಲಿಷ್ ಹೆಸರೂ 'ಇ' ಅಕ್ಷರದಿಂದ ಶುರು. ಮುಖ್ಯ ವಿಷಯ ಏನೆಂದರೆ, ವಿವರಣೆ ಬರುವುದು ಮಕ್ಕಳು ಕೈಯಾರೆ ಮಾಡಿ ನೋಡಿದ ಮೇಲೆ. ಪಠ್ಯದಲ್ಲೇ ಇರುವ ಚಟುವಟಿಕೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಕೋಶ, ಅಮ್ಮೀಟರ್, ವೋಲ್ಟ್‌ಮೀಟರ್. ಒಂದೊಂದೇ ಕೋಶ ಸೇರಿಸುತ್ತಾ ಓದಿಕೆ ಬರೆದುಕೊಂಡು, ವೋಲ್ಟೇಜನ್ನು ಪ್ರವಾಹದಿಂದ ಭಾಗಿಸುವುದು. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬಂದಾಗ ಮಕ್ಕಳೇ ಒಬ್ಬರ ಪುಸ್ತಕ ಒಬ್ಬರು ಇಣುಕಿ ನೋಡುತ್ತಾರೆ. ಸೂತ್ರ ನಾನು ಹೇಳುವ ಮೊದಲೇ ಅವರ ಪುಸ್ತಕದಲ್ಲಿ ಇರುತ್ತದೆ.

ಇದು ನನಗೆ ತುಂಬಾ ಇಷ್ಟವಾದ ಮಾದರಿ. ಆದರೂ ನಮ್ಮ ಕಡೆ ಇದನ್ನು ಬಳಸುವ ರೀತಿಯ ಬಗ್ಗೆ ನನಗೆ ಬಲವಾದ ತಕರಾರು ಇದೆ. ಐದು ಕಾಲಂ ಗೆರೆ ಹಾಕಿ, ಪ್ರತಿ ಪೀರಿಯಡ್ಡಿಗೂ ಐದನ್ನೂ ತುಂಬುತ್ತೇವೆ. 40 ನಿಮಿಷಕ್ಕೆ ಐದು ಹಂತ ಅಂದರೆ ಹಂತಕ್ಕೆ ಎಂಟು ನಿಮಿಷ. ಎಂಟು ನಿಮಿಷದಲ್ಲಿ ತಂತಿ ಜೋಡಿಸುವುದೂ ಮುಗಿಯುವುದಿಲ್ಲ. ಅಮ್ಮೀಟರ್ ಉಲ್ಟಾ ಸಿಕ್ಕಿಸಿ ಮುಳ್ಳು ಎಡಕ್ಕೆ ವಾಲಿದರೆ ಅದನ್ನು ಸರಿಮಾಡಲೇ ಅರ್ಧ ಸಮಯ ಹೋಗುತ್ತದೆ. ಬೈಬಿಯವರು ಈ ಮಾದರಿ ಎರಡು ಮೂರು ವಾರದ ಘಟಕಕ್ಕೆ ಚೆನ್ನ, ಒಂದೊಂದು ಹಂತಕ್ಕೆ ಒಂದೋ ಹೆಚ್ಚೋ ಪಾಠ ಇರಲಿ ಅಂತಲೇ ಹೇಳಿದ್ದಾರೆ. ನಾವು ಅದನ್ನು ಒಂದು ಪೀರಿಯಡ್ಡಿಗೆ ಅದುಮಿದ್ದರಿಂದ ಎಷ್ಟೋ ಕಡೆ ಅನ್ವೇಷಣೆ ಬರೀ ಕಾಗದದಲ್ಲಿ ಉಳಿದಿದೆ. ಐದು ಹಂತವನ್ನು ನಾಲ್ಕೈದು ಪೀರಿಯಡ್ಡಿಗೆ ಹರಡಿದ ಮೇಲೆ ನನ್ನ ತರಗತಿಯಲ್ಲಿ ಧಾವಂತ ನಿಂತಿತು.

ಇನ್ನು ಹಿಮ್ಮುಖ ಯೋಜನೆ. ಗ್ರ್ಯಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಇದನ್ನು ಪುಸ್ತಕವಾಗಿ ತಂದರು. ಮೊದಲು, ಘಟಕ ಮುಗಿದಾಗ ಮಗುವಿಗೆ ಏನು ಅರ್ಥವಾಗಿರಬೇಕು? ಆಮೇಲೆ, ಅದು ಅರ್ಥವಾಗಿದೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ? ಚಟುವಟಿಕೆ ಯಾವುದು ಅನ್ನುವುದು ಕೊನೆಗೆ. ಕೇಳಲು ಸುಲಭ. ಕೂತು ಬರೆಯಲು ಹೊರಟರೆ ಎರಡನೇ ಪ್ರಶ್ನೆ ಬೆವರಿಳಿಸುತ್ತದೆ. 'ಓಮನ ನಿಯಮವನ್ನು ನಿರೂಪಿಸುವರು' ಅಂತ ಬರೆಯುವುದು ಸುಲಭ, ಅಭ್ಯಾಸವೂ ಆಗಿದೆ. ಬಾಯಿಪಾಠದಿಂದ ಉತ್ತರಿಸಲು ಆಗದ ಒಂದೇ ಒಂದು ಪ್ರಶ್ನೆ ಹುಡುಕುವುದು ಕಷ್ಟ.

ಎರಡು ಅಮ್ಮೀಟರಿನ ಪ್ರಶ್ನೆ ನನ್ನ ಯೋಜನೆಗೆ ಬಂದದ್ದು ಹೀಗೆ. ಅದು ಬಂದ ಮೇಲೆ ಉಳಿದ ಪೀರಿಯಡ್ಡುಗಳೆಲ್ಲ ಅದರ ಸುತ್ತ ಕೂತವು. ಮೊದಲ ದಿನ ಚೀಟಿಯಲ್ಲಿ ಉತ್ತರ ಬರೆಸಿ ಎತ್ತಿಡುತ್ತೇನೆ, ಸರಿ ತಪ್ಪು ಹೇಳುವುದಿಲ್ಲ. ಆಮೇಲೆ ಮಂಡಲ ಜೋಡಿಸಿ ತೋರಿಸುವುದು. ಇಲ್ಲೊಂದು ಗಮನಿಸಬೇಕಾದ್ದಿದೆ. ಶಾಲೆಯ ಅಮ್ಮೀಟರುಗಳು ಒಂದಕ್ಕೊಂದು ಪಕ್ಕಾ ತಾಳೆಯಾಗುವುದು ಅಪರೂಪ. ಎರಡನೆಯದರ ಮುಳ್ಳು ಒಂದು ಗೆರೆ ಹಿಂದೆ ನಿಂತರೆ ಸಾಕು, 'ನೋಡಿ ಸರ್, ಕಡಿಮೆ ಆಯ್ತು' ಅಂತ ಹಿಂದಿನ ಬೆಂಚಿನಿಂದ ಕೂಗು ಬರುತ್ತದೆ. ಆಗ ಎರಡೂ ಮೀಟರನ್ನು ಅದಲುಬದಲು ಮಾಡಿಸಿ. ಕಡಿಮೆ ತೋರಿಸುತ್ತಿದ್ದ ಮೀಟರು ಬಲ್ಬಿನ ಮುಂಚೆ ಬಂದರೂ ಅಷ್ಟೇ ಕಡಿಮೆ ತೋರಿಸುತ್ತದೆ. ಕೊರತೆ ಮೀಟರಿನದು, ಪ್ರವಾಹದ್ದಲ್ಲ ಅಂತ ತರಗತಿಯೇ ತೀರ್ಮಾನ ಮಾಡುತ್ತದೆ. ಸಲಕರಣೆಯನ್ನು ಅನುಮಾನಿಸಿ ಪರೀಕ್ಷಿಸುವುದನ್ನು ಮಕ್ಕಳು ಅಲ್ಲಿ ಕಲಿಯುತ್ತಾರೆ. ಇಂಥದ್ದನ್ನು ನೋಡಲೆಂದೇ ನಾನು ಈ ಕೆಲಸದಲ್ಲಿ ಇದ್ದೇನೆ.

ಘಟಕದ ಕೊನೆಗೆ ಹಳೇ ಚೀಟಿಗಳನ್ನು ವಾಪಸ್ ಕೊಟ್ಟು, ಅವರ ಉತ್ತರವನ್ನು ಅವರೇ ತಿದ್ದಿ ಕಾರಣ ಬರೆಯಲು ಹೇಳುತ್ತೇನೆ. ಯಾರಿಗೆ ಇನ್ನೂ ಪರಿಹಾರ ಬೋಧನೆ ಬೇಕು ಅನ್ನುವುದು ಅಲ್ಲೇ ಕಾಣುತ್ತದೆ. ಹತ್ತನೇ ತರಗತಿಯಲ್ಲಿ 80 ಅಂಕದ ಲಿಖಿತ ಪರೀಕ್ಷೆಯ ಜೊತೆ 20 ಆಂತರಿಕ ಅಂಕ ಇವೆಯಲ್ಲ, ಈ ಚೀಟಿ, ಈ ಚಟುವಟಿಕೆ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ) ದಾಖಲೆಗೂ ಆಗುತ್ತವೆ. ಬೇರೆ ಕಡತ ಬೇಕಿಲ್ಲ.

ಹಿಮ್ಮುಖ ಯೋಜನೆಗೆ ಸಮಯ ಜಾಸ್ತಿ ಬೇಕು, ಅದು ನಿಜ. ಪ್ರತಿ ಪೀರಿಯಡ್ಡಿಗೂ ಹೀಗೆ ಬರೆಯುತ್ತೇನೆ ಅಂದರೆ ಆಗದ ಮಾತು. ಘಟಕಕ್ಕೆ ಒಮ್ಮೆ ಸಾಕು. ನನ್ನ ಆಯ್ಕೆ ಕೇಳಿದರೆ ಮೊದಲ ಸ್ಥಾನ ಇದಕ್ಕೇ. ಉಳಿದೆರಡು ಇದರ ಕೈಕೆಳಗೆ ಬರಲಿ. ಪರಿಕಲ್ಪನೆ ಕಟ್ಟುವ ದಿನಗಳಿಗೆ ಹರಡಿದ 5ಇ. ಸರಣಿ ಮತ್ತು ಸಮಾಂತರ ಜೋಡಣೆಯ ಲೆಕ್ಕಗಳ ದಿನ, ಪರೀಕ್ಷೆ ಹತ್ತಿರ ಬಂದು ಪುನರಾವರ್ತನೆ ಮಾಡುವ ದಿನ ಹರ್ಬಾರ್ಟ್. ಮೂರು ಸಮಾಂತರ ರೋಧಗಳ ಒಟ್ಟು ರೋಧ ಕಂಡುಹಿಡಿಯುವುದನ್ನು ಅನ್ವೇಷಣೆಗೆ ಬಿಟ್ಟು ಸುಮ್ನೆ ಸಮಯ ಕಳೆಯುವುದಕ್ಕಿಂತ, ಬೋರ್ಡಿನ ಮೇಲೆ ಹಂತಹಂತವಾಗಿ ಒಂದು ಮಾಡಿ ತೋರಿಸಿ ಮೂರು ಮಾಡಿಸುವುದೇ ಮೇಲು.

ಈ ವರ್ಷ ಶುರುಮಾಡುವವರು ಎಲ್ಲ ಘಟಕಕ್ಕೂ ಕೈ ಹಾಕಬೇಡಿ. ಸೇತುಬಂಧದ (ವರ್ಷದ ಶುರುವಿನಲ್ಲಿ ಹಿಂದಿನ ಕಲಿಕೆಯನ್ನು ಗಟ್ಟಿಮಾಡುವ ಕಾರ್ಯಕ್ರಮ) ನೈದಾನಿಕ ಪರೀಕ್ಷೆಯಲ್ಲಿ, ಅಂದರೆ ಕಲಿಕೆಯ ಕೊರತೆ ಗುರುತಿಸುವ ಪರೀಕ್ಷೆಯಲ್ಲಿ, ಮಕ್ಕಳು ಜಾಸ್ತಿ ಎಡವಿದ ವಿಷಯ ಯಾವುದೋ ಆ ಘಟಕ ಹಿಡಿಯಿರಿ. ಇಲಾಖೆಯ ನಮೂನೆ ಬದಲಾಯಿಸಬೇಕಾಗಿಲ್ಲ. ಮೌಲ್ಯಮಾಪನದ ಕಾಲಂ ಮೊದಲು ತುಂಬಿ, ಉಳಿದ ಕಾಲಂಗಳನ್ನು ಆಮೇಲೆ ಬರೆಯಿರಿ.